ದಿ|| ಲತಾಮಣಿ

ಅನ್ನ ಮುಗಿಯುತ್ತಾ ಬಂದಾಗ ತಟ್ಟೆಯ ತಳದಲ್ಲಿ ಲತಾಮಣಿಗೆ ತನ್ನ ಹೆಸರು ಕಂಡಿತು. ಸಾರನ್ನು ಬೆರಳಿನಿಂದ ಸರಿಸಿ ಪೂರ್ತಿ ಓದಿದಳು. ‘ದಿ|| ಲತಾಮಣಿ, 2010ನೇ ಬ್ಯಾಚ್, ಜ್ಞಾಪಕಾರ್ಥ.’

ಎದುರು ಸಾಲಿನಲ್ಲಿ ಉಂಡೆದ್ದವರ ಖಾಲಿ ತಟ್ಟೆ ನೋಡಿದಳು. ಅಲ್ಲೂ ಅವಳು ದಿವಂಗತಳೇ. ಆ ಬ್ಯಾಚಿನಲ್ಲಿ ಇನ್ನೊಬ್ಬ ಲತಾಮಣಿ ಇರಲಿಲ್ಲ. ಕನಕಪುರದ ಲ್ಯಾಬಿನಲ್ಲಿ ದಿನವಿಡೀ ಊರವರ ರಕ್ತ ತೆಗೆಯುವ ಹೆಣ್ಣು, ಎಡಗೈಯಿಂದ ತನ್ನ ಕತ್ತಿನ ನಾಡಿಯನ್ನೇ ಒಮ್ಮೆ ಮುಟ್ಟಿ ನೋಡಿಕೊಂಡಳು. ನಗಬೇಡಿ, ನಿಮ್ಮ ಹೆಸರಿದ್ದರೆ ನೀವೂ ನೋಡಿಕೊಳ್ಳುತ್ತಿದ್ದಿರಿ.

ಕಬ್ಬಾಳು ರಸ್ತೆಯ ಹೊಂಬೆಳಕು ಶಾಲೆಗೆ ಕಷ್ಟಕಾಲ ಬಂದಿತ್ತು. ಕೊರೊನಾ ಆದಮೇಲೆ ಅರ್ಧಕ್ಕರ್ಧ ಮಕ್ಕಳು ಬಿಟ್ಟುಹೋಗಿದ್ದರು. ಖಾಸಗಿ ಶಾಲೆಯಾದ್ದರಿಂದ ಸರ್ಕಾರದ ಬಿಸಿಯೂಟವೂ ಇಲ್ಲ. ಸೋಮವಾರದಿಂದ ಮಧ್ಯಾಹ್ನದ ಊಟ ಶುರುವಾದರೆ ಉಳಿದ ಮಕ್ಕಳು ನಿಲ್ಲುತ್ತಾರೆ, ಇಲ್ಲದಿದ್ದರೆ ಬರುವ ವರ್ಷ ಗೇಟಿಗೆ ಬೀಗ. ಅದಕ್ಕೇ ಹಳೇ ವಿದ್ಯಾರ್ಥಿಗಳನ್ನೆಲ್ಲ ಊಟಕ್ಕೆ ಕರೆದಿದ್ದರು. ಇಷ್ಟು ವರ್ಷ ಯಾವ ಸಭೆಗೂ ತಲೆಹಾಕದ, ಅವರ ವಾಟ್ಸಾಪ್ ಗ್ರೂಪಿಗೂ ಸೇರದ ಲತಾಮಣಿ, ಈ ಸಲ ಮನಸ್ಸು ತಡೆಯದೆ ಬಂದಿದ್ದಳು.

“ಮೇಡಂ, ಈ ಲತಾಮಣಿ ಯಾರು?” ಪಕ್ಕದಲ್ಲಿ ಊಟಕ್ಕೆ ಕೂತಿದ್ದ ಹೆಡ್‌ಮಿಸ್ ಭಾನುಪ್ರಿಯ ಅವರನ್ನು ಕೇಳಿದಳು.

“ಅಯ್ಯೋ, ಪಾಪ ಆ ಹುಡುಗಿ! ನಾನು ಬಂದು ಎರಡೇ ವರ್ಷ, ನೋಡಿಲ್ಲ. ಚಿಕ್ಕ ವಯಸ್ಸಿಗೇ ಹೋಗಿಬಿಟ್ಟಳಂತೆ. ನಮ್ಮ ಹಳೇ ವಿದ್ಯಾರ್ಥಿ ನಟರಾಜು ಅವಳ ಹೆಸರಲ್ಲಿ ನೂರಿಪ್ಪತ್ತು ತಟ್ಟೆ ಕೊಟ್ಟರು. ಮಕ್ಕಳೂ ನಾವೂ ಎರಡು ನಿಮಿಷ ಮೌನ ಆಚರಿಸಿದ್ವಿ. ಆ ಕಥೆ ಗ್ರೂಪಿಗೆ ಹಾಕಿದ್ದೇ ತಡ, ಅಕ್ಕಿ ಬಂತು, ಬೇಳೆ ಬಂತು, ಗ್ಯಾಸ್ ಒಲೆ ಬಂತು. ಸತ್ತು ಶಾಲೆ ಉಳಿಸಿದ ಪುಣ್ಯಾತ್ಗಿತ್ತಿ!”

“ನಾನೇ ಅವಳು ಮೇಡಂ.”

ಭಾನುಪ್ರಿಯ ಕೈಯಿಂದ ಹಪ್ಪಳ ಜಾರಿತು. ಅದೇ ಹೊತ್ತಿಗೆ ಸಾರಿನ ಬಕೆಟ್ಟು ಹಿಡಿದು ನಟರಾಜು ಅವರ ಸಾಲಿಗೆ ಬಂದ. ತಟ್ಟೆ ತಟ್ಟೆ ನೋಡುತ್ತಾ ಬಂದವನು ಮುಖ ನೋಡಿದ. ಅವನ ಸೌಟು ಗಾಳಿಯಲ್ಲೇ ನಿಂತಿತು. ಮೊದಲು ಕಿವಿ ಕೆಂಪಾಯಿತು, ಆಮೇಲೆ ಮುಖ ಬಿಳುಚಿತು.

“ಏನೋ ನಟರಾಜು, ನಾನು ಸತ್ತಿದ್ದು ಯಾವತ್ತೋ?”

ಅವನು ಬಕೆಟ್ಟನ್ನು ಅಲ್ಲೇ ಇಟ್ಟು ಅಡುಗೆ ಕೋಣೆಯ ಹಿಂದಕ್ಕೆ ನಡೆದ. ಲತಾಮಣಿ ಎಂಜಲು ಕೈಯಲ್ಲೇ ಹಿಂದೆ ಹೋದಳು.

ನಟರಾಜು ಶಾಲೆಯಲ್ಲೂ ಬಾಯಿ ಸತ್ತ ಹುಡುಗನೇ. ಹತ್ತನೇ ಕ್ಲಾಸಿನ ಕೊನೆಯಲ್ಲಿ ಅವಳ ಆಟೋಗ್ರಾಫ್ ಪುಸ್ತಕ ಎರಡು ದಿನ ಇಟ್ಟುಕೊಂಡು, ಒಂದಕ್ಷರ ಬರೆಯದೆ ವಾಪಸ್ ಕೊಟ್ಟಿದ್ದ. ಅವತ್ತು ರಾತ್ರಿ ಅವಳು ಅತ್ತಿದ್ದು ಯಾರಿಗೂ ಗೊತ್ತಿಲ್ಲ. ಈಗ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಕಾರ್ಖಾನೆ ಇಟ್ಟಿದ್ದಾನೆಂದು ಕೇಳಿದ್ದಳು.

“ಪುಸ್ತಕದಲ್ಲಿ ಒಂದು ಸಾಲು ಬರೆಯಕ್ಕಾಗದೋನು, ನೂರಿಪ್ಪತ್ತು ತಟ್ಟೆ ಮೇಲೆ ಬರೆಸಿದ್ದೀಯ! ಅದೂ ನನ್ನ ಸಾಯಿಸಿ!”

“ನಾನು ಸಾಯಿಸಿಲ್ಲ ಕಣ್ರೀ. ಪಾತ್ರೆ ಅಂಗಡಿ ಗೌಸಣ್ಣ ಸಾಯಿಸ್ಬುಟ್ಟ.” ಅವನು ಅವಳ ಎಂಜಲು ಕೈಗೆ ಹೇಳಿದ, ಮುಖಕ್ಕಲ್ಲ. “ಫೋನಲ್ಲಿ ಆರ್ಡ್ರು ಕೊಟ್ಟೆ. ಹಿಂದ್ಗಡೆ ಮಿಷನ್ ಓಡ್ತಿತ್ತು. ಅವ್ನಿಗೆ ಸರ್ಯಾಗಿ ಕೇಳಿಸ್ನಿಲ್ಲ.”

“ಏನಂದೆ ಅವನಿಗೆ?”

“ಲತಾಮಣಿ ಅಂತ ಹಾಕಣ್ಣ ಅಂದೆ.”

“ಆಮೇಲೆ?”

“ಯಾರಪ್ಪ ಅವ್ರು ಅಂದ.”

“ಅದಕ್ಕೆ?”

ಅವನು ಕತ್ತು ಕೆರೆದುಕೊಂಡ. ಅವನ ಉಗುರಿನ ಸಂದಿಯಲ್ಲಿ ಬೊಂಬೆಯ ಹಳದಿ ಅರಗು ಇನ್ನೂ ಇತ್ತು.

“ಹೇಳ್ತೀಯೋ, ಇಲ್ಲ ಗೌಸಣ್ಣನ್ನೇ ಕೇಳ್ಲೋ?”

“ದಿನಾ ಜ್ಞಾಪಕ ಬತ್ತಾರೆ ಅಂದೆ.”

ಲತಾಮಣಿ ಎಂಜಲು ಕೈಯನ್ನು ಬೆನ್ನ ಹಿಂದೆ ಸರಿಸಿದಳು.

“ಅವ್ನು ‘ದಿ’ ಅಷ್ಟೇ ಕೇಳಿಸ್ಕಂಡ. ಜ್ಞಾಪಕ ಅಂದ ಮ್ಯಾಕೆ ಹೋಗ್ಬುಟ್ಟವ್ರೆ ಅಂದ್ಕಂಡ. ತಟ್ಟೆ ಗಂಟು ಅಂಗ್ಡಿಯಿಂದ ಸೀದಾ ಇಲ್ಗೇ ಬಂತು, ಇಲ್ಲೇ ಬಿಚ್ಚುದ್ರು. ನಾನು ಬರೋ ಹೊತ್ಗೆ ಮಕ್ಳು ಕಣ್ ಮುಚ್ಕಂಡು ನಿಂತಿದ್ವು. ಬಾಯೇ ಬರ್ನಿಲ್ಲ. ನಿಮ್ಗೆ ಮದ್ವೆಯಾಗಿ ಎಲ್ಲೋ ದೂರ ಇದ್ದೀರಿ, ಬರಲ್ಲ ಅಂದ್ಕಂಡಿದ್ದೆ.”

“ಮದುವೆ ಆಗಿಲ್ಲ,” ಅಂದಳು. ಅದನ್ನು ಹೇಳಿದ ಮೇಲೆ, ಯಾಕೆ ಹೇಳಿದೆನೋ ಎಂದು ತಾನೇ ಬೆಚ್ಚಿದಳು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ತಾನು ಬದುಕಿದ್ದೇನೆಂದು ಈಗ ನಾಡಿ ಮುಟ್ಟಿ ನೋಡುವ ಅಗತ್ಯವೇ ಇರಲಿಲ್ಲ. ದಿನಾ ಅಂದರೆ ಹದಿನೈದು ವರ್ಷದ ದಿನಗಳು; ಒಂದು ದಿನವಾದರೂ ಇವನೊಂದು ಫೋನ್ ಮಾಡಬಾರದಾಗಿತ್ತೇ ಎಂದು ಅವಳಿಗೆ ಸಿಟ್ಟು ಬಂತು, ಅಳುವೂ ಬಂತು.

ಓಡಿಬಂದ ಭಾನುಪ್ರಿಯ ಇಬ್ಬರ ನಡುವೆ ನಿಂತರು. “ನಿಮ್ಮ ಕಾಲಿಗೆ ಬೀಳ್ತೀನಿ ಲತಾಮಣಿ, ಸಾಯಂಕಾಲದವರೆಗೆ ಸತ್ತೇ ಇರಿ. ನಿಮ್ಮ ಕಥೆ ಕೇಳಿ ಅತ್ತು ಕೊಟ್ಟಿದ್ದಾರೆ ಎಲ್ಲ. ಮೋಸ ಅಂತ ವಾಪಸ್ ಕೇಳಿದರೆ ಸೋಮವಾರ ಮಕ್ಕಳಿಗೆ ಏನು ಬಡಿಸಲಿ?”

“ಸುಳ್ಳು ಹೇಳ್ಕೊಂಡು ಮಕ್ಕಳಿಗೆ ಅನ್ನ ಹಾಕೋದು ಬೇಡ ಮೇಡಂ,” ಅಂದ ಲತಾಮಣಿ ಕೈ ತೊಳೆದು ಹಾಲಿಗೆ ನಡೆದಳು.

ಮೈಕ್ ಕೈಗೆತ್ತಿಕೊಂಡಳು. “ನಾನು ತಟ್ಟೆ ಮೇಲಿರೋ ಲತಾಮಣಿ. ಸತ್ತಿಲ್ಲ, ಅಂಗಡಿಯವರು ತಪ್ಪು ಬರೆದರು. ನಿಮಗೆ ಮೋಸ ಆಯ್ತು ಅನ್ನಿಸಿದರೆ ಕೊಟ್ಟಿದ್ದನ್ನ ಈಗಲೇ ತಗೊಂಡು ಹೋಗಿ. ನಾನಂತೂ ತಿಂಗಳಿಗೊಂದು ಮೂಟೆ ಅಕ್ಕಿ ಕೊಡ್ತೀನಿ.”

ಹಾಲಿಗೆ ಹಾಲೇ ದಂಗಾಯಿತು. ಕೊನೆಗೆ ಅಡುಗೆಯ ಮುನಿರತ್ನಮ್ಮ ಬಾಗಿಲಿಂದ ಕೂಗಿದಳು: “ಬುಡವ್ವ! ಸತ್ತೋದ್ರು ಅಂತ ಸುಳ್ ಸುದ್ದಿ ಹಬ್ಬುದ್ರೆ ಆಯಸ್ಸು ಜಾಸ್ತಿ ಆಯ್ತದೆ. ಅಕ್ಕಿ ಮಾತ್ರ ನಾನು ಯಾರ್ಗೂ ವಾಪಸ್ ಕೊಡಕಿಲ್ಲ!” ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಒಬ್ಬರೂ ಏನನ್ನೂ ವಾಪಸ್ ಕೇಳಲಿಲ್ಲ. ಭಾನುಪ್ರಿಯ ಕುರ್ಚಿಯಲ್ಲಿ ಕುಸಿದು ಎರಡು ಲೋಟ ನೀರು ಕುಡಿದರು.

ಜನ ಕರಗಿದ ಮೇಲೆ ನಟರಾಜು ಫೋನ್ ಕಿವಿಗಿಟ್ಟುಕೊಂಡೇ ಅವಳ ಹತ್ತಿರ ಬಂದ. ಮೊದಲ ಸಲ ಕಣ್ಣಿಗೆ ಕಣ್ಣು ಕೊಟ್ಟು ನೋಡಿದ.

“ಗೌಸಣ್ಣ ಲೈನಲ್ಲವ್ನೆ. ‘ದಿ’ ಉಜ್ಜಿ ತೆಗ್ದು ಬೇರೆ ಹಾಕ್ಕೊಡ್ತಾನಂತೆ. ಕುಮಾರಿ ಲತಾಮಣಿ ಅಂತ ಹಾಕ್ಸ್ಲಾ?”

ಲತಾಮಣಿ ಚಪ್ಪಲಿ ಮೆಟ್ಟಿಕೊಂಡಳು. ತಲೆ ಎತ್ತಲಿಲ್ಲ.

“ಕುಮಾರಿ ಅಂತ ಹಾಕ್ಸಿದ್ರೆ ಎರಡೇ ತಿಂಗಳಿಗೆ ಮತ್ತೆ ಉಜ್ಜಿಸಬೇಕಾಗ್ತದೆ. ಅದನ್ನೂ ನಾನೇ ಹೇಳ್ಬೇಕೇನೋ?”

ಫೋನಿನಲ್ಲಿ ಗೌಸಣ್ಣ “ಹಲೋ, ಹಲೋ, ಏನ್ ಹಾಕ್ಲಿ ಹೇಳಪ್ಪಾ” ಎಂದು ಕೂಗುತ್ತಲೇ ಇದ್ದ.