ಸುರುಳಿಯೊಳಗಿನ ಐವರು ದಂಡನಾಯಕರು

ಬಹಳ ಬಹಳ ಹಿಂದೆ, ಮೂಡಲ ಕಡಲಿನ ತುದಿಯಲ್ಲಿ ಹಿನಾಶಿಮ ಎಂಬ ದ್ವೀಪರಾಜ್ಯವಿತ್ತು. ಈಗ ಇದೆಯೋ ಇಲ್ಲವೋ, ನಾನಂತೂ ಹೋಗಿ ನೋಡಿಲ್ಲ. ಅಲ್ಲಿನ ರಾಜನಿಗೆ ಐವರು ಸಮುರಾಯ್ ದಂಡನಾಯಕರು. ಕತ್ತಿ ಹಿಡಿದರೆ ಒಬ್ಬರಿಗಿಂತ ಒಬ್ಬರು ಮಿಗಿಲು. ಆದರೆ ಐವರಿಗೂ ಒಂದೇ ರೋಗ: ನಾನು ಮೊದಲು. ಅರಮನೆಗೆ ಊಟಕ್ಕೆ ಕರೆದರೆ, ಯಾರು ಮೊದಲು ಒಳಗೆ ಹೋಗಬೇಕೆಂದು ಬಾಗಿಲಲ್ಲೇ ಮೀಸೆ ತಿರುವುತ್ತಾ ನಿಲ್ಲುತ್ತಿದ್ದರು. ಒಳಗೆ ಅನ್ನ ಆರಿ ತಣ್ಣಗಾಗುತ್ತಿತ್ತು.

ಈ ರೋಗದ ವಾಸನೆ ಹಿಡಿದು ಕುರೊಬೆ ಎಂಬ ಮಾಂತ್ರಿಕ ಚಿತ್ರಕಾರನ ವೇಷದಲ್ಲಿ ಬಂದ. "ನಿಮ್ಮನ್ನೇ ಎಲ್ಲರಿಗಿಂತ ಮೇಲೆ ಬರೆಯುತ್ತೇನೆ ಸ್ವಾಮಿ" ಎಂದು ಐವರ ಕಿವಿಯಲ್ಲೂ ಊದಿದ. ಐವರೂ ನಂಬಿದರು. ಚಿತ್ರದಲ್ಲಿ ಯಾರ ಕಣ್ಣಿಗೆ ಕಪ್ಪು ಬೊಟ್ಟಿಟ್ಟನೋ ಅವರು ಮಾಯವಾಗಿ ಚಿತ್ರದೊಳಗೆ ಸೇರಿಹೋದರು. ಕುರೊಬೆ ರಾಜನನ್ನು ಸೆರೆಮನೆಗೆ ತಳ್ಳಿ ಸಿಂಹಾಸನ ಏರಿದ. ಊರಿನವರೆಲ್ಲ ಅವನ ಕೋಟೆಗೆ ಕಲ್ಲು ಹೊತ್ತರು. ಹೊರಲಾರದವರು ಬಿದ್ದಲ್ಲೇ ಸತ್ತರು.

ಆ ಚಿತ್ರಕ್ಕೆ ಹಿಂದೆ ಕಾಗದ ಅಂಟಿಸಿ, ಸುತ್ತ ರೇಷ್ಮೆ ಕೂರಿಸಿ, ಗೋಡೆಗೆ ತೂಗುವ ಸುರುಳಿ ಮಾಡಿಕೊಟ್ಟವಳು ಮಿನೊ. ಅಜ್ಜಿ ಕಲಿಸಿದ ಕಸುಬು. ಚಿತ್ರದಲ್ಲಿ ಎಲ್ಲರಿಗಿಂತ ಕೆಳಗೆ ಕೂತಿದ್ದ ದಂಡನಾಯಕ ಇವಸೆ ಅವಳ ಅಪ್ಪ. ಅಪ್ಪನ ಚಿತ್ರವೆಂದು ಹೆಮ್ಮೆಯಿಂದ ಅಂಟಿಸಿದಳು, ಪಾಪ. ಅದು ಅಪ್ಪನೇ ಎಂದು ತಿಳಿದದ್ದು ಚಿತ್ರ ಕೆಮ್ಮಿದಾಗ.

ಇಂಥ ಸುರುಳಿಯನ್ನು ನಾಲ್ಕು ದಿನ ತೂಗಿ, ಮತ್ತೆ ಸುತ್ತಿ ಪೆಟ್ಟಿಗೆಯಲ್ಲಿಡುವುದು ಆ ನಾಡಿನ ಪದ್ಧತಿ. ಬಿಸಿಲಿಗೆ ಬಿಟ್ಟರೆ ಬಣ್ಣ ಹೋಗುತ್ತದೆ. ಕುರೊಬೆ ಬೇಕೆಂದೇ ಅದನ್ನು ಕಿಟಕಿಯ ಎದುರು ವರ್ಷವಿಡೀ ತೂಗಿಸಿದ. ದಂಡನಾಯಕರ ಬಣ್ಣ ಇಳಿದಷ್ಟೂ ಅವನ ನಿಲುವಂಗಿ ಕೆಂಪೇರುತ್ತಿತ್ತು. ಬಿಸಿಲು ಹೆಚ್ಚು ಬೀಳುತ್ತಿದ್ದುದು ಚಿತ್ರದ ಕೆಳಭಾಗಕ್ಕೆ, ಅಪ್ಪನ ಮೇಲೆ.

ಅರಮನೆಯ ಕೊಳದಲ್ಲಿ ಮಾತಾಡುವ ಮುದಿ ಆಮೆಯೊಂದಿತ್ತು. ಅದು ಮಿನೊಗೆ ಹೇಳಿತು: "ಚಿತ್ರದ ಅಂಚಿನಲ್ಲಿ ಮೊಣಕಾಲೆತ್ತರದ ಬಾಗಿಲಿದೆ ಮಗಳೇ. ಬೀಗವಿಲ್ಲ. ಹಣೆ ನೆಲಕ್ಕೆ ತಾಗುವಷ್ಟು ಬಾಗಿದವರು ಹೊರಗೆ ಬರಬಹುದು. ಆದರೆ ಇನ್ನು ಮೂರೇ ದಿನ. ಬಣ್ಣ ಪೂರ್ತಿ ಹೋದರೆ ಒಳಗಿನವರೂ ಇಲ್ಲ."

ಚಿತ್ರವಿದ್ದ ಕೋಣೆಗೆ ಒಂದು ಕಲ್ಲಿನ ಸಿಂಹ ಕಾವಲಿತ್ತು. ಮೊದಲ ದಿನ ಅದು, "ಏನು ಕೊಡುತ್ತೀ?" ಎಂದಿತು. ಮಿನೊ ತನ್ನ ಉದ್ದ ಜಡೆಯನ್ನು ಕತ್ತರಿಸಿ ಕೊಟ್ಟು ಒಳಗೆ ಹೋದಳು. ಎಲ್ಲರಿಗಿಂತ ಮೇಲೆ ಕೂತಿದ್ದ ದಂಡನಾಯಕ ಹಿರಾಗನಿಗೆ ಕೈಮುಗಿದು ಬಾಗಿಲಿನ ಗುಟ್ಟು ಹೇಳಿದಳು.

"ಈ ನಾಲ್ವರ ಕಣ್ಣೆದುರು ನಾನು ಬಾಗುವುದೇ? ಮೊದಲು ಅವರು ಬಾಗಲಿ" ಎಂದ ಹಿರಾಗ.

ಎರಡನೆಯ ದಿನವೂ ಸಿಂಹ, "ಏನು ಕೊಡುತ್ತೀ?" ಎಂದಿತು. ಮಿನೊ ತನ್ನ ಇಂಪಾದ ಕಂಠ ಕೊಟ್ಟು, ಗೊಗ್ಗರು ದನಿಯಲ್ಲಿ ನಡುವಿನ ಮೂವರನ್ನು ಬೇಡಿಕೊಂಡಳು. ಮೂವರೂ ಮೇಲಿನವನತ್ತ, ಕೆಳಗಿನವನತ್ತ ಬೆರಳು ತೋರಿಸಿದರು.

ಮೂರನೆಯ ದಿನ ಉಳಿದದ್ದು ಅಜ್ಜಿಯ ಅಂಟಿನ ಕುಂಚ ಒಂದೇ. ಅದನ್ನೂ ಸಿಂಹ ನುಂಗಿತು.

"ಅಪ್ಪಾ, ನೀನಾದರೂ ಬಾ."

"ನನ್ನನ್ನು ಮೊದಲೇ ಎಲ್ಲರ ಕಾಲಡಿ ಕೂರಿಸಿದ್ದಾನೆ, ಮಿನೊ. ಇನ್ನೂ ಬಾಗಿದರೆ ಇವರು ನಗುತ್ತಾರಮ್ಮ."

"ನಗಲಿ ಬಿಡಪ್ಪ! ನೀನಿಲ್ಲದ ಮನೆಯಲ್ಲಿ ನಾನು ಯಾರ ಮುಖ ನೋಡಲಿ?"

ಇವಸೆ ಮುಖ ತಿರುಗಿಸಿಕೊಂಡ. ಅವನ ಕೆನ್ನೆಯ ಬಣ್ಣ ಆಗಲೇ ಹೋಗಿತ್ತು. ಕಿಟಕಿಯಿಂದ ಬಿಸಿಲು ತೆವಳಿ ಬರುತ್ತಿತ್ತು.

ಮಿನೊ ಸೋತು ಕುಸಿದಳು. ಜಡೆ ಹೋಯಿತು, ಕಂಠ ಹೋಯಿತು, ಕಸುಬೂ ಹೋಯಿತು, ಅಪ್ಪನೂ ಹೋಗುತ್ತಿದ್ದಾನೆ. ಉಳಿದಷ್ಟು ಬಣ್ಣವಾದರೂ ಉಳಿಯಲಿ ಎಂದು, ಅಜ್ಜಿ ಕಲಿಸಿದ್ದಂತೆ ಸುರುಳಿಯನ್ನು ಗೋಡೆಯಿಂದ ಇಳಿಸಿ, ಅಳುತ್ತಲೇ ಕೆಳಗಿನಿಂದ ಮೇಲಕ್ಕೆ ಸುತ್ತಿ ನೆಲದ ಮೇಲಿಟ್ಟು, ಮುಖ ಮುಚ್ಚಿಕೊಂಡಳು.

ಸುರುಳಿಯೊಳಗೆ ಕತ್ತಲಾಯಿತು. ಯಾರಿಗೂ ಯಾರೂ ಕಾಣಲಿಲ್ಲ. ಯಾರೂ ನೋಡದ ಮೇಲೆ ಬಾಗುವುದಕ್ಕೇನು ಕಷ್ಟ?

ಟಪ್, ಟಪ್ ಎಂದು ಹಣೆಗಳು ನೆಲಕ್ಕೆ ತಾಗಿದವು. ಮಿನೊ ಕಣ್ಣು ಬಿಟ್ಟಾಗ ನಾಲ್ವರು ದಂಡನಾಯಕರು ಅಂಬೆಗಾಲಿಡುತ್ತಾ ಹೊರಬಂದು, ಒಬ್ಬರನ್ನೊಬ್ಬರು ಕಂಡು ನಾಚಿ ನಿಂತಿದ್ದರು. ಅಷ್ಟರಲ್ಲಿ ಕುರೊಬೆ ಕಿರುಚುತ್ತಾ ನುಗ್ಗಿದ. ಅವನ ನಿಲುವಂಗಿಯ ಕೆಂಪೆಲ್ಲ ಸೋರಿಹೋಗಿ, ಅವನು ನಿಂತಲ್ಲೇ ಒಣಗಿ, ಒಂದು ಹಿಡಿ ಮಸಿಯಾಗಿ ಉದುರಿದ. ಕಲ್ಲಿನ ಸಿಂಹ ಬರೀ ಕಲ್ಲಾಯಿತು.

ಮಿನೊ ಸುರುಳಿ ಬಿಚ್ಚಿದಳು. ಅಪ್ಪ ಕೂತಿದ್ದ ಜಾಗ ಖಾಲಿ, ಬರೀ ಬಿಳಿ. ಬಿಸಿಲು ಮೊದಲೇ ತಿಂದುಬಿಟ್ಟಿತೆಂದು ಅವಳು ಎದೆ ಬಡಿದುಕೊಂಡು ಅತ್ತಳು. ನಾಲ್ವರು ವೀರರಿಗೂ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

"ಮಗಳೇ" ಎಂದಿತು ಒಂದು ದನಿ, ಅವಳ ಬೆನ್ನ ಹಿಂದೆ.

ಆ ನಾಡಿನ ರೂಢಿಯಂತೆ ಬಿಳಿ ಕಾಗದ ಹಚ್ಚಿದ ಗೋಡೆಯ ಬುಡದಲ್ಲಿ, ಗೋಡೆಯಷ್ಟೇ ಬೆಳ್ಳಗಾಗಿ, ಇವಸೆ ಹಣೆಯನ್ನು ನೆಲಕ್ಕೊತ್ತಿಕೊಂಡೇ ಇದ್ದ. ಎಲ್ಲರಿಗಿಂತ ಮೊದಲು ಬಂದವನು ಅವನೇ. ಬಿಳಿಯೊಳಗೆ ಬಿಳಿ ಯಾರಿಗೂ ಕಂಡಿರಲಿಲ್ಲ.

"ನೀನು ಇಷ್ಟು ಅಳುವಂತೆ ಮಾಡಿಬಿಟ್ಟೆ. ಈಗ ತಲೆ ಎತ್ತಲೇನಮ್ಮ?"

ಮಿನೊ ಓಡಿಹೋಗಿ ಅವನ ತಲೆಯನ್ನು ಎರಡೂ ಕೈಗಳಲ್ಲಿ ಹಿಡಿದು ಎತ್ತಿದಳು.

ರಾಜ ಸೆರೆಯಿಂದ ಬಂದ, ಜನ ಕಲ್ಲು ಇಳಿಸಿದರು, ಎಲ್ಲರ ಮನೆಯಲ್ಲೂ ಒಲೆ ಉರಿಯಿತು. ಇವಸೆಯ ಬಣ್ಣ ಮಾತ್ರ ಮರಳಲಿಲ್ಲ. ಆದರೂ ಅಂದಿನಿಂದ ಅರಮನೆಯ ಬಾಗಿಲಲ್ಲಿ ನಾಲ್ವರು ದಂಡನಾಯಕರು ಪಕ್ಕಕ್ಕೆ ಸರಿದು, ಆ ಬಿಳಿಯ ಮುದುಕ ಮಗಳ ಕೈಹಿಡಿದು ಒಳಗೆ ಹೋಗುವವರೆಗೆ ಕಾಯುತ್ತಿದ್ದರು. ಅನ್ನ ಮತ್ತೆಂದೂ ಆರಲಿಲ್ಲ.