ಸಾಲಿನಲ್ಲಿದ್ದ ಒಬ್ಬನೇ ಗಂಡಸು

"ಇದು... ಹೆಂಗಸರ ಸಾಲೇನ್ರೀ?"

ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತವನನ್ನು ಕಂಡು ರಂಜಿತಳಿಗೆ ಅಷ್ಟು ಭಯದಲ್ಲೂ ನಗು ಬಂತು. ಕೋಲಾರದ ಆ ಆಸ್ಪತ್ರೆಯಲ್ಲಿ ತೂಕ ಇಳಿಸುವ ಆಪರೇಷನ್‌ಗೆ ಹೆಸರು ಬರೆಸಿ ಕೂತಿದ್ದವರು ಅವಳೂ ಸೇರಿ ಎಂಟು ಜನ. ಎಂಟು ಜನವೂ ಹೆಂಗಸರೇ!

"ಎಲ್ರದ್ದೂ ಇದೇ ಸಾಲು. ಮೊದ್ಲು ಕೂತು ಉಸಿರಾಡಿ!" ಎಂದು ಪಕ್ಕಕ್ಕೆ ಸರಿದಳು.

ಅವನು ಕದಿರೇಶ, ಶ್ರೀನಿವಾಸಪುರದ ಮಾವಿನ ಮಂಡಿಯವನು. ಒಂದು ಮಹಡಿ ಹತ್ತಿದ್ದಕ್ಕೇ ಅಂಗಿಯೆಲ್ಲ ಒದ್ದೆಯಾಗಿತ್ತು.

ಡಾಕ್ಟರಮ್ಮ ಮುಚ್ಚುಮರೆ ಇಲ್ಲದವರು. "ಹೆಂಗಸರು ಬೇಗ ಬರ್ತಾರೆ. ಗಂಡಸರು ಶುಗರ್, ಬಿಪಿ, ಹೃದಯ ಎಲ್ಲಾ ಕೆಡಿಸ್ಕೊಂಡು ಕೊನೇಗೆ ಬರ್ತಾರೆ. ಅದಕ್ಕೇ ಅವರಿಗೆ ಅಪಾಯ ಜಾಸ್ತಿ" ಎಂದುಬಿಟ್ಟರು.

ಅವನ ಮುಖ ಬಿಳಿಚಿಕೊಂಡಿತು. ರಂಜಿತ ತನ್ನ ನೀರಿನ ಬಾಟಲಿ ಅವನ ಕೈಗಿತ್ತಳು, ಕೇಳದೆಯೇ ಫೋನ್ ನಂಬರನ್ನೂ ಕೊಟ್ಟಳು. ಇವತ್ತು ಕಂಡವನು... ನನಗೇನಾಗಬೇಕು?

ಅವಳ ಆಪರೇಷನ್ ಮೊದಲು ಆಯಿತು. ಅವಳು ಕಣ್ಣು ಬಿಟ್ಟಾಗ ಸುಗಟೂರಿಂದ ಬಂದಿದ್ದ ದೊಡ್ಡಮ್ಮ ನರ್ಸನ್ನು ಕೇಳುತ್ತಿದ್ದರು, "ಎಷ್ಟು ತಿಂಗಳಿಗೆ ಸಣ್ಣಗಾಗ್ತಾಳಮ್ಮಾ? ಗಂಡಿನ ಕಡೆಯೋರಿಗೆ ಹೇಳ್ಬೇಕಲ್ಲ!" ಮೊಬೈಲಿನಲ್ಲಿ ಮಾತ್ರ ಕದಿರೇಶನ ಒಂದು ಮೆಸೇಜ್ ಇತ್ತು.

"ಉಸಿರಾಡ್ತಿದೀರಾ?"

ಮೂರು ತಿಂಗಳು ದಿನಾ ಅದೇ ಪ್ರಶ್ನೆ. ಅದು ಬರದೆ ಅವಳಿಗೆ ಬೆಳಗಾಗುತ್ತಿರಲಿಲ್ಲ. ಶುಗರ್, ಬಿಪಿ ಹತೋಟಿಗೆ ಬಂದ ಮೇಲೆ ಅವನ ಆಪರೇಷನ್ ದಿನ ಬಂತು. ಅವಳು ಆಸ್ಪತ್ರೆಯಲ್ಲಿ ಕಾದಳು, ಅವನು ಬರಲಿಲ್ಲ! ಮೆಸೇಜೂ ಇಲ್ಲ, ಫೋನ್ ಸ್ವಿಚ್ ಆಫ್.

ನಾನು ಬೇಡವಾದೆನಾ? ಅಥವಾ... ಅವನೇ ಇಲ್ಲವಾ?

ಆ ಯೋಚನೆ ಬಂದದ್ದೇ ತಡ, ಶ್ರೀನಿವಾಸಪುರಕ್ಕೆ ಸಿಕ್ಕ ಬಸ್ಸು ಹತ್ತಿದಳು.

ಕದಿರೇಶ ಮಂಡಿಯಲ್ಲಿ ಕ್ರೇಟಿನ ಮೇಲೆ ಕೂತಿದ್ದ. ಪಾದ ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ.

"ಯಾಕೆ ಬರ್ಲಿಲ್ಲ?"

"ಗಂಡಿನ ಕಡೆಯೋರು ಬರ್ತಾರೆ ಅಂತ ನೀವೇ ಮೆಸೇಜ್ ಮಾಡಿದ್ರಿ. ನಾನು ಟೇಬಲ್ ಮೇಲೇ ಹೋಗ್ಬಿಟ್ರೆ... ನಿಮ್ಮನ್ನ ಯಾಕೆ ಅಳಿಸ್ಲಿ?" ಅವನು ತಲೆ ತಗ್ಗಿಸಿದ. "ಗಂಡಸು ಹೊಟ್ಟೆ ಕರಗಿಸೋಕೆ ಕೊಯ್ಸಿಕೊಂಡ ಅಂದ್ರೆ ಮಂಡಿಯೆಲ್ಲಾ ನಗುತ್ತೆ. ನಿಮ್ಮನ್ನಾದ್ರೆ ಮನೆಯೋರೇ ಕರ್ಕೊಂಡು ಬಂದ್ರು."

"ಅವರು ಹೆದರಿದ್ದು ನನಗೆ ಗಂಡು ಸಿಗಲ್ಲ ಅಂತ. ನನ್ನ ಪ್ರಾಣಕ್ಕೆ ಹೆದರಿದ್ದು ನೀವೊಬ್ರೇ ಕಣ್ರೀ!" ಅವಳ ಕಣ್ಣು ತುಂಬಿತು. "ಬಂದೋರನ್ನ ಮೊನ್ನೇನೇ ವಾಪಸ್ ಕಳ್ಸಿದೀನಿ. ನಡೀರಿ ಆಸ್ಪತ್ರೆಗೆ."

ಮುಂದಿನ ಸೋಮವಾರ ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು. ಎರಡು ಗಂಟೆ ಸಾಕು ಅಂದಿದ್ದರು. ಮೂರಾಯಿತು... ನಾಲ್ಕಾಯಿತು! ನರ್ಸ್ ಓಡಿಬಂದು ಇನ್ನೊಬ್ಬ ಡಾಕ್ಟರನ್ನು ಒಳಗೆ ಕರೆದೊಯ್ದಳು.

ಹೆದರಿ ಕೂತಿದ್ದವನನ್ನ ನಾನೇ ಎಳ್ಕೊಂಡು ಬಂದೆ... ದೇವರೇ, ನಾನೇ ಕೊಂದೆನಾ?

ರಂಜಿತ ಮೊಬೈಲ್ ತೆಗೆದು ಅವನ ಹಳೆಯ ಮೆಸೇಜುಗಳನ್ನು ಒಂದೊಂದಾಗಿ ಓದುತ್ತಾ ಕೂತಳು.

ಸಂಜೆ ಡಾಕ್ಟರಮ್ಮ ಹೊರಗೆ ಬಂದರು. "ಹೃದಯ ಸ್ವಲ್ಪ ಹೆದರಿಸ್ತು. ಈಗ ಪರವಾಗಿಲ್ಲ, ಹೋಗಿ ನೋಡಿ."

ಮಂಚದ ಪಕ್ಕ ಬಗ್ಗಿ ಅವನ ಕೈ ಹಿಡಿದಳು.

"ಉಸಿರಾಡ್ತಿದೀರಾ?"

ಒಣಗಿದ ತುಟಿ ಮೆಲ್ಲಗೆ ಅಲುಗಿತು. "ಹ್ಞೂಂ... ನೀನು?"

"ಈಗ ಶುರು ಮಾಡ್ದೆ ಕಣೋ."