ಹೊಂಡದ ದಂಡೆಯ ಅರ್ಧ ತಾಸು

ತೊಗರಿಗೆ ನೀರುಣಿಸುವ ಹೊಂಡದಲ್ಲಿ ಮೀನನ್ನೂ ಸಾಕಬಹುದೆಂದು ರೈತರಿಗೆ ಕಲಿಸುವುದು ನನ್ನ ನೌಕರಿಯಾಗಿತ್ತು. ನರೋಣಾದ ರುಕ್ಮಿಣಿಬಾಯಿಯವರ ಹೊಲಕ್ಕೆ ಪ್ಲಾಸ್ಟಿಕ್ ಚೀಲದಲ್ಲಿ ಮೀನಿನ ಮರಿ ಒಯ್ದದ್ದು ಒಂದು ಶ್ರಾವಣ ಸೋಮವಾರ. ಚೀಲದ ಬಾಯಿ ಬಿಚ್ಚಲು ಹೊರಟ ಅವರನ್ನು ತಡೆದೆ.

“ಅವಸರ ಬ್ಯಾಡ್ರಿ. ಚೀಲ ಅರ್ಧ ತಾಸು ನೀರಿನ ಮ್ಯಾಲ ತೇಲಲಿ. ಒಳಗಿನ ನೀರು ಹೊರಗಿನ ನೀರಿಗೆ ಹೊಂದಬೇಕು.”

“ತಡಾ ಆದ್ರ?”

“ಚೀಲದಾಗಿನ ಗಾಳಿ ಮುಗೀತದ. ಮರಿ ಉಳಿಯೂದಿಲ್ಲ.”

ನನ್ನ ಹಣೆಯ ಅಂಗಾರ ಅಕ್ಷತೆ ನೋಡಿ ಅವರು ಸೆರಗಿನಲ್ಲಿ ನಗು ಮುಚ್ಚಿಕೊಂಡರು. “ಜನ್ಮದಾಗ ಮೀನು ಬಾಯಿಗಿ ಹಚ್ಚಿಲ್ಲ, ಊರಿಗೆಲ್ಲ ಹಂಚ್ತೀರಲ್ರಿ ಸಾಹೇಬ್ರ!”

“ನೀವು ತಿಂದು ರುಚಿ ಹೇಳ್ರಿ. ಕೇಳಿ ಹೋಗ್ತೇನಿ.”

ಅವರು ವಿಧವೆ, ನಾನು ವಿಧುರ. ವರ್ಷಕ್ಕೊಮ್ಮೆ ಆ ಅರ್ಧ ತಾಸು ನಮ್ಮದಾಯಿತು. ನಾಲ್ಕನೆಯ ಶ್ರಾವಣದಲ್ಲಿ, ತೇಲುವ ಚೀಲದಿಂದ ಕಣ್ಣೆತ್ತದೆ ಕೇಳಿದರು:

“ಮರಿಗೆ ಅರ್ಧ ತಾಸು ಸಾಕು. ನಿಮಗ ಎಷ್ಟು ವರ್ಷ ಬೇಕ್ರಿ?”

“ಮನ್ಯಾಗ ತಾಯಿ ಅದಾರ. ಅವರು ಇರೂತನ...”

ಬುದ್ಧವಂದನೆ ನಡೆಯುವ ದಲಿತ ಮನೆಯ ಹೆಣ್ಣನ್ನು ನನ್ನ ತಾಯಿ ಹೊಸ್ತಿಲೊಳಗೆ ಕರೆಯಲಾರರೆಂದು ಇಬ್ಬರಿಗೂ ಗೊತ್ತಿತ್ತು. “ತಿಳೀತ್ ಬಿಡ್ರಿ,” ಎಂದು ಅವರೇ ಚೀಲ ಬಿಚ್ಚಿದರು.

ಮುಂದೆ ನನಗೆ ಕರಾವಳಿಗೆ ವರ್ಗವಾಯಿತು. ದೋಣಿಯವರಿಗೆ ಐಸು, ಗದ್ದೆಯಲ್ಲಿ ಸಿಗಡಿ ಸಾಕುವವರಿಗೆ ಮರಿ ಸಿಗುವಂತೆ ಓಡಾಡುತ್ತಿದ್ದೆ. ಭಾನುವಾರ ಫೋನಿನಲ್ಲಿ ರುಕ್ಮಿಣಿಬಾಯಿಯವರ ನಗು.

“ಅಲ್ಲಿ ಮೀನು ಉಪ್ಪುನೀರಾಗೇ ಇರ್ತಾವಂತ. ಸಾರಿಗೆ ಉಪ್ಪು ಹಾಕೂದು ಬ್ಯಾಡೇನ್ರಿ?”

ಎರಡು ವರ್ಷಕ್ಕೆ ತಾಯಿ ತೀರಿಕೊಂಡರು. ವರ್ಷಾಂತಿಕದ ಶ್ರಾದ್ಧ ಮುಗಿಯುವ ತನಕ ಶುಭದ ಮಾತು ಆಡಬಾರದು ಎಂದು ರುಕ್ಮಿಣಿಬಾಯಿಯವರಿಗೆ ಹೇಳಿದೆ. ಬಾಯಿ ತಪ್ಪಿ ಆಡಿಬಿಟ್ಟೇನೆಂದು ಫೋನನ್ನೂ ನಿಲ್ಲಿಸಿದೆ. ಪ್ರತಿದಿನ ದೇವರ ಮುಂದೆ ಕುಳಿತು ದಿನ ಎಣಿಸಿದೆ.

ವರ್ಷಾಂತಿಕದ ಮರುದಿನವೇ ನರೋಣಾದ ಬಸ್ಸು ಹತ್ತಿದೆ. ಬಾಗಿಲು ತೆರೆದವಳು ಅವರ ಮಗಳು ಸಪ್ನಾ. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಹಾರ ಹಾಕಿದ ಅವಳ ಅವ್ವನ ಪಟ.

“ದೀಪಾವಳಿ ಮುಂದ ಹೋದ್ಲು ಕಾಕಾ. ಎದಿನೋವು. ನಿಮಗ ಫೋನ್ ಹಚ್ಚಲೇನು ಅಂದೆ. ‘ಬ್ಯಾಡ, ಅವರದು ವರ್ಷ ಮುಗೀಲಿ’ ಅಂದ್ಲು.”

ಅವಳು ನನ್ನನ್ನು ಹೊಂಡಕ್ಕೆ ಕರೆದೊಯ್ದು ಕೈಗೆ ಹಿಡಿ ತೌಡು ಕೊಟ್ಟಳು. ಎರಚಿದೆ. ನೀರು ಕದಡಿತು. ಮೊಳದುದ್ದದ ಕಾಟ್ಲಾ ಮೀನುಗಳು ಬಾಯಿ ತೆರೆದು ಮೇಲೆ ಬಂದವು.

“ನೀವು ಬರೂತನ ಜಾಳಿಗಿ ಹಾಕಬ್ಯಾಡ ಅಂದಿದ್ಲು. ಈಗ ಹಿಡಿಸಲೇನ್ರಿ?”

“ಬ್ಯಾಡವ್ವ. ಇರಲಿ.”

ಅವಳು ಮನೆಗೆ ಹೋದಳು. ನಾನು ದಂಡೆಯ ಮೇಲೆ ನನ್ನ ಮಗ್ಗುಲಿಗೆ ಒಬ್ಬರಿಗೆ ಜಾಗ ಬಿಟ್ಟು ಅರ್ಧ ತಾಸು ಕುಳಿತೆ.